ಗಾಯದ ಋಣ: ಮುದಗಲ್ ಸೀಮೆಯಿಂದ ಒಂದು ಅವಲೋಕನ

ಒಬ್ಬನ ದೇಹಕ್ಕೆ ಮತ್ತೊಬ್ಬನಿಂದ ಹಾನಿಯಾದಾಗ ಆ ನಷ್ಟವನ್ನು ತುಂಬಿಕೊಡಬೇಕಾದವರು ಯಾರು? ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಮುದಗಲ್ ಸೀಮೆಯು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಆರನೆಯ ವಿಕ್ರಮಾದಿತ್ಯನ ರಾಜಧಾನಿಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಹೊಡೆದು ನೋಯಿಸಿದವನು ದಂಡ ತೆತ್ತರೆ ಸಾಲದು, ಗಾಯಾಳು ಗುಣಹೊಂದಲು ತಗಲುವ ವೆಚ್ಚವನ್ನೂ ಕೊಡಬೇಕೆಂಬುದು ಆ ಸ್ಮೃತಿಯ ವಿಧಿ. ವಿಮೋಚನಕಾಂಡದ 21ನೆಯ ಅಧ್ಯಾಯವೂ ಹಾಸಿಗೆ ಹಿಡಿದವನ ದುಡಿಮೆಯ ನಷ್ಟವನ್ನೂ ಚಿಕಿತ್ಸೆಯ ಹೊಣೆಯನ್ನೂ ಹೊಡೆದವನ ಮೇಲೆಯೇ ಹೊರಿಸುತ್ತದೆ. ಯಜಮಾನನ ಏಟಿಗೆ ಕಣ್ಣನ್ನೋ ಹಲ್ಲನ್ನೋ ಕಳೆದುಕೊಂಡ ದಾಸನಿಗೆ ಅಲ್ಲಿ ಬಿಡುಗಡೆಯೇ ಪರಿಹಾರ.

ಈ ಎರಡು ವಿಧಿಗಳಲ್ಲಿಯೂ ಹೊಡೆದ ಕೈ ಕಣ್ಣಿಗೆ ಕಾಣುತ್ತದೆ. ಆದರೆ ಗಣಿಯೊಳಗೆ ಬಂಡೆ ಕುಸಿದಾಗ ಹೊಡೆದವರು ಯಾರು? ಮುದಗಲ್ಲಿನಂತೆ ಲಿಂಗಸುಗೂರು ತಾಲ್ಲೂಕಿಗೇ ಸೇರಿದ ಹಟ್ಟಿಯ ಚಿನ್ನದ ಗಣಿ ಈ ಪ್ರಶ್ನೆಯನ್ನು ನಮ್ಮ ಮನೆಬಾಗಿಲಿಗೆ ತಂದಿದೆ. 1947ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಸ್ಥಾಪನೆಯಾದ ಗಣಿ ಕಂಪನಿಯು 1956ರಲ್ಲಿ ಮೈಸೂರು ರಾಜ್ಯದ ಪಾಲಿಗೆ ಬಂದಿತು.

ಬ್ರಿಟಿಷ್ ಭಾರತದಲ್ಲಿ 1924ರ ಜುಲೈ 1ರಂದು ಜಾರಿಗೆ ಬಂದು, ಸ್ವಾತಂತ್ರ್ಯಾನಂತರ ಈ ಭಾಗಕ್ಕೂ ವ್ಯಾಪಿಸಿದ 1923ರ ಕಾರ್ಮಿಕರ ಪರಿಹಾರ ಕಾಯಿದೆಯು, ಮಾಲೀಕನ ತಪ್ಪನ್ನು ಸಾಬೀತುಪಡಿಸುವ ಹೊರೆಯನ್ನು ಕಾರ್ಮಿಕನ ಹೆಗಲಿನಿಂದ ಇಳಿಸಿತು. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಅಪಘಾತವಾಯಿತೆಂದು ತೋರಿಸುವುದೇ ಮುಖ್ಯವಾಯಿತು. ಅದರ ಎರಡು ವಿಧಿಗಳು ನಮ್ಮ ಗಮನಕ್ಕೆ ಅರ್ಹವಾಗಿವೆ. ಮರಣದ ಪರಿಹಾರವನ್ನು ಮಾಲೀಕನು ಆಯುಕ್ತರಲ್ಲಿ ಠೇವಣಿ ಇಡಬೇಕಿತ್ತು. ಅಲ್ಪ ಮುಂಗಡದ ಹೊರತು, ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರವೆನಿಸುತ್ತಿರಲಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಅಸಿಂಧುವಾಗಿತ್ತು. ಶೋಕದಲ್ಲಿರುವ ವಿಧವೆಯ ಹೆಬ್ಬೆಟ್ಟು ಎಷ್ಟು ಸುಲಭವಾಗಿ ದೊರೆಯುತ್ತದೆಂಬುದನ್ನು ಶಾಸನವು ಅರಿತಿತ್ತು.

ಗುರುಗಳಾದ ನಾವು ಇದನ್ನು ಅರಿತಿದ್ದೇವೆಯೇ? ಆದಿಲಶಾಹಿಗಳ ಕಾಲದಿಂದ ಕ್ರೈಸ್ತ ವಿಶ್ವಾಸವು ಬೇರೂರಿರುವ ಈ ಸೀಮೆಯಲ್ಲಿ, ಸಾವಿನ ಮನೆಗೆ ಮೊದಲು ಕರೆ ಬರುವುದು ನಮಗೇ. ‘ದೇವರ ಚಿತ್ತ’ ಎಂಬ ಸಾಂತ್ವನವನ್ನು ನಾವು ಹೇಳುತ್ತೇವೆ. ರಾಜಿ ಮಾಡಿಸಿರೆಂದರೆ ಒಪ್ಪಿಕೊಳ್ಳುತ್ತೇವೆ. ಆದರೆ ಜಕ್ಕಾಯನು ಯೇಸುಸ್ವಾಮಿಯ ಮುಂದೆ ಕ್ಷಮೆಯನ್ನಷ್ಟೇ ಬೇಡಲಿಲ್ಲ. ವಂಚಿಸಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ದಯಾಳು ಸಮಾರಿಯದವನು ಗಾಯಾಳುವಿಗಾಗಿ ತೆತ್ತ ಹಣ ಪ್ರೀತಿಯ ಕಾಣಿಕೆ. ಮಾಲೀಕನು ತೆರುವುದು ಋಣ. ಋಣವನ್ನು ಕಾಣಿಕೆಯೆಂದು ಕರೆದು ಕೃತಜ್ಞತೆ ಬೇಡುವುದು ನ್ಯಾಯವಲ್ಲ.

ಆದುದರಿಂದ ಪ್ರಾರ್ಥನೆ ಮುಗಿದ ಮೇಲೆ ಆ ಕುಟುಂಬವನ್ನು ಅರ್ಜಿಯೊಡನೆ ಕಚೇರಿಯವರೆಗೆ ಕರೆದೊಯ್ಯುವುದೂ ನಮ್ಮ ಪಾಲನಾ ಸೇವೆಯೇ ಆಗಿದೆ. ಕ್ಷಮೆ ಗಾಯಗೊಂಡವರ ಕೈಯಲ್ಲಿರುವ ವರ. ಅವರ ಪರವಾಗಿ ಅದನ್ನು ಬರೆದುಕೊಡುವ ಅಧಿಕಾರ ನಮಗಿಲ್ಲ.