ಗಾಳಿಯಲ್ಲೇ ಹುಟ್ಟುವ ಕಣಗಳು

ಏರೋಸಾಲ್ ಎಂದರೆ ನಮ್ಮಲ್ಲಿ ಹೊಗೆ, ದೂಳು, ಮಸಿ ಎಂದೇ ಲೆಕ್ಕ. ಅವೆಲ್ಲ ನೆಲದಿಂದ ಗಾಳಿ ಸೇರಿದವು. ಗಾಳಿಯಲ್ಲೇ ಅನಿಲಗಳು ಕೂಡಿ ಹುಟ್ಟುವ ಕಣಗಳನ್ನು ಯಾರೂ ವಿಚಾರಿಸುವುದಿಲ್ಲ. ಮೋಡದ ಹನಿಗೆ ಬೀಜವಾಗುವ ಕಣಗಳಲ್ಲಿ ಸುಮಾರು ಅರ್ಧದಷ್ಟು ಈ ಬಗೆಯವು ಎಂಬುದು ಜಾಗತಿಕ ಮಾದರಿಗಳ ಅಂದಾಜು. ಹಾಗಿದ್ದೂ ಈ ಉಪೇಕ್ಷೆ.

ಬಿಸಿಲಿಗೆ ಹೊಸ ಕಣ ಹುಟ್ಟುತ್ತದೆಂದು ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 19ನೆಯ ಶತಮಾನದ ಕೊನೆಯಲ್ಲೇ ಗುರುತಿಸಿದ್ದರು. ಆವಿಯ ಅಣುಗಳು ಗುಂಪುಗೂಡಿ ಹನಿಯಾಗುವ ಗಣಿತ 1935ರಲ್ಲಿ ಬೆಕರ್ ಮತ್ತು ಡ್ಯೋರಿಂಗ್ ಅವರಿಂದ ಒಂದು ರೂಪಕ್ಕೆ ಬಂತು. ಕಾಡಿನ ಮೇಲಿನ ನೀಲಿ ಮಬ್ಬಿಗೆ ಮರಗಳು ಬಿಡುವ ಟರ್ಪೀನುಗಳೇ ಕಾರಣವೆಂದು 1960ರಲ್ಲಿ ಫ್ರಿಟ್ಸ್ ವೆಂಟ್ ಬರೆದರು. ಅದನ್ನು ಅಳೆದು ನೋಡುವ ಉಪಕರಣ ಆಗ ಇರಲಿಲ್ಲ.

ದಾರಿ ತೆರೆದದ್ದು ಫಿನ್ಲೆಂಡಿನ ಹ್ಯುಟಿಯಾಲದ ಪೈನ್ ಕಾಡಿನಲ್ಲಿ. 1996ರಿಂದ ಅಲ್ಲಿ ಮಾರ್ಕು ಕುಲ್ಮಾಲ ಮತ್ತು ಸಂಗಡಿಗರು ಹಗಲು ರಾತ್ರಿ ಬಿಡದೆ ಕಣಗಳ ಗಾತ್ರ ಅಳೆಯುತ್ತ ಬಂದಿದ್ದಾರೆ. ಬಿಸಿಲೇರುವ ಹೊತ್ತಿಗೆ ಮೂರು ನ್ಯಾನೊಮೀಟರಿನ ಕಣಗಳು ಕಾಣಿಸಿ, ಸಂಜೆಯವರೆಗೆ ಬೆಳೆಯುತ್ತ ಹೋಗುತ್ತವೆ; ನಕ್ಷೆಯಲ್ಲಿ ಅದು ಬಾಳೆಹಣ್ಣಿನಂತೆ ಬಾಗಿರುತ್ತದೆ. ನನ್ನ ಪೀಳಿಗೆಯವರು ಈ ಶಾಸ್ತ್ರವನ್ನು ಕಲಿತದ್ದೇ ಆ ನಕ್ಷೆಗಳಿಂದ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂತು ಅಳೆಯುವ ಆ ತಾಳ್ಮೆಗೆ ಸಮನಾದದ್ದು ಈ ಕ್ಷೇತ್ರದಲ್ಲಿ ಮತ್ತೊಂದಿಲ್ಲ.

ಕಣ ಯಾವುದರಿಂದ ಹುಟ್ಟುತ್ತದೆ ಎಂಬುದಕ್ಕೆ ಜಿನೀವಾ ಬಳಿಯ ಸರ್ನ್‌ನ ಕ್ಲೌಡ್ ಪ್ರಯೋಗ ಉತ್ತರ ಕೊಡುತ್ತ ಬಂತು. ನೆಲದ ಹತ್ತಿರದ ಗಾಳಿಯಲ್ಲಿ ಕಾಣುವ ವೇಗಕ್ಕೆ ಸಲ್ಫ್ಯೂರಿಕ್ ಆಮ್ಲ, ನೀರು, ಅಮೋನಿಯಾ ಮೂರೂ ಸೇರಿದರೂ ಸಾಲದು ಎಂದು 2011ರಲ್ಲಿ ತಿಳಿಯಿತು. ಲಕ್ಷ ಕೋಟಿ ಅಣುಗಳಲ್ಲಿ ಮೂರರಷ್ಟು ಡೈಮೀಥೈಲ್ ಅಮೀನ್ ಇದ್ದರೆ ಸಾಕು, ಅಮೋನಿಯಾಕ್ಕಿಂತ ಸಾವಿರ ಪಟ್ಟು ವೇಗ ಬರುತ್ತದೆಂದು 2013ರಲ್ಲಿ ಗೊತ್ತಾಯಿತು. ಸಲ್ಫ್ಯೂರಿಕ್ ಆಮ್ಲವೇ ಇಲ್ಲದೆ, ಮರಗಳ ಆವಿಯಿಂದಲೇ ಕಣ ಹುಟ್ಟಬಲ್ಲದೆಂಬ 2016ರ ಫಲಿತಾಂಶವನ್ನು ನಾನು ಇವೆಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಕೈಗಾರಿಕೆಗೂ ಮುಂಚಿನ ಆಕಾಶ ನಾವು ಭಾವಿಸಿದ್ದಷ್ಟು ಬರಿದಾಗಿರಲಿಲ್ಲ. ಜನಪ್ರಿಯ ಬರಹಗಳು ಮಾತ್ರ ಈ ಪ್ರಯೋಗವನ್ನು ವಿಶ್ವಕಿರಣಗಳೇ ಹವಾಮಾನ ಬದಲಿಸುತ್ತವೆ ಎಂಬ ವಾದಕ್ಕೆ ಸಾಕ್ಷಿಯಾಗಿಸಿಕೊಂಡವು. ಕಿರಣಗಳು ಹುಟ್ಟಿಸುವ ಅಯಾನುಗಳು ಕಣಗಳಿಗೆ ನೆರವಾಗುವುದು ನಿಜ. ಆದರೆ ಸೌರಚಕ್ರದೊಡನೆ ಕಿರಣಗಳಲ್ಲಾಗುವ ಏರಿಳಿತದಿಂದ ಮೋಡದ ಬೀಜಗಳ ಎಣಿಕೆ ಹೇಳಿಕೊಳ್ಳುವಷ್ಟು ಬದಲಾಗದು ಎಂದು ಅದೇ ಪ್ರಯೋಗದ ಅಂಕಿಗಳೇ ತೋರಿಸಿವೆ.

ಭಾರತದಲ್ಲಿ ಹಿಮಾಲಯದ ಮುಕ್ತೇಶ್ವರ, ಪುಣೆ, ಕಾನ್ಪುರ, ಹೈದರಾಬಾದುಗಳಲ್ಲಿ ಅಳತೆ ನಡೆದಿದೆ. ಚಳಿಗಾಲದ ದಿಲ್ಲಿಯಲ್ಲಿ ಕಟ್ಟಿಗೆ, ಕಸ ಸುಡುವ ಹೊಗೆಯ ಆವಿಯಿಂದ ರಾತ್ರಿಯೇ ನ್ಯಾನೊಕಣಗಳು ಭರದಿಂದ ಬೆಳೆಯುತ್ತವೆಂಬ 2023ರ ವರದಿ ಬಿಸಿಲಿದ್ದರಷ್ಟೇ ಎಂಬ ನಂಬಿಕೆಯನ್ನು ಅಲುಗಿಸಿತು. ಆದರೂ ನಮ್ಮ ಮಾಲಿನ್ಯದ ಅಳತೆ ತೂಕದಲ್ಲೇ ನಿಂತಿದೆ. 2.5 ಮೈಕ್ರೋಮೀಟರಿನ ಒಂದು ಕಣದ ತೂಕಕ್ಕೆ 10 ನ್ಯಾನೊಮೀಟರಿನ ಒಂದೂವರೆ ಕೋಟಿ ಕಣಗಳು ಬೇಕು. ತೂಕದ ಯಂತ್ರಕ್ಕೆ ಅವು ಇದ್ದೂ ಇಲ್ಲದಂತೆ. ಉಪಗ್ರಹದ ಕಣ್ಣಿಗೂ ಅಷ್ಟೆ.

ಫಿನ್ಲೆಂಡಿನ ಪೈನ್ ಕಾಡಿನ ಲೆಕ್ಕವನ್ನು ಪಶ್ಚಿಮ ಘಟ್ಟಕ್ಕೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಉಷ್ಣವಲಯದ ಅಗಲ ಎಲೆಯ ಮರಗಳು ಹೆಚ್ಚಾಗಿ ಬಿಡುವುದು ಐಸೊಪ್ರೀನ್. ನೆಲದ ಹತ್ತಿರ ಅದು ಕಣ ಹುಟ್ಟುವುದನ್ನು ತಡೆಯುತ್ತದೆ. ಅಮೆಜಾನಿನ ಮೇಲೆ ಬಿರುಮಳೆಯ ಮೋಡಗಳು ಎತ್ತರಕ್ಕೊಯ್ದಾಗ ಅದರಿಂದಲೇ ಕಣ ಹುಟ್ಟುತ್ತದೆಂದು 2024ರಲ್ಲಿ ತಿಳಿಯಿತು. ಘಟ್ಟದ ಮೇಲೆ, ಮುಂಗಾರು ಮೋಡ ಕಟ್ಟುವ ಮೊದಲಿನ ವಾರಗಳಲ್ಲಿ, ಇವೆರಡರಲ್ಲಿ ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಾದರೆ ಅಲ್ಲೂ ವರ್ಷವಿಡೀ ಮೂರು ನ್ಯಾನೊಮೀಟರಿನಿಂದ ಎಣಿಸುವ ಉಪಕರಣವೂ, ಅದರ ಬಳಿ ಹತ್ತು ಹದಿನೈದು ವರ್ಷ ಕೂರುವ ಜನರೂ ಬೇಕು.