ತರಗತಿಯಲ್ಲಿ ನೊಂದ ಮಗು: ಶಿಕ್ಷಕರು ಏನು ಮಾಡಬಹುದು?

ನಮ್ಮ ಕರಾವಳಿಯಲ್ಲಿ ಚರ್ಚ್ ಇರುವ ಕಡೆ ಹೆಚ್ಚಾಗಿ ಶಾಲೆಯೂ ಇರುತ್ತದೆ. ಶಾಲೆ ಇಲ್ಲದ ಧರ್ಮಕೇಂದ್ರದಲ್ಲೂ ಭಾನುವಾರದ ಕ್ರೈಸ್ತ ಶಿಕ್ಷಣ ತರಗತಿ ನಡೆಯುತ್ತದೆ. ಪಾಠದ ನಡುವೆ ಒಂದು ಮಗು ಇದ್ದಕ್ಕಿದ್ದಂತೆ ಅಳತೊಡಗಬಹುದು. ಮೈ ನಡುಗಿ ಉಸಿರು ಕಟ್ಟಿದಂತಾಗಬಹುದು. ಡೆಸ್ಕಿನ ಮೇಲೆ ತಲೆಯಿಟ್ಟು ಮಾತೇ ಆಡದಿರಬಹುದು. ಆಗ ಏನು ಮಾಡಬೇಕೆಂಬುದು ಶಿಕ್ಷಕರಿಗೂ, ಕ್ರೈಸ್ತ ಶಿಕ್ಷಣ ನೀಡುವವರಿಗೂ, ಧರ್ಮಭಗಿನಿಯರಿಗೂ, ಗುರುಗಳಾದ ನಮಗೂ ತಿಳಿದಿರಬೇಕು.

ಇದಕ್ಕಾಗಿ ಶಿಕ್ಷಕರು ಮನೋವೈದ್ಯರಾಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಹೆಜ್ಜೆಗಳನ್ನು ಹೇಳುತ್ತದೆ: ನೋಡುವುದು, ಆಲಿಸುವುದು, ನೆರವಿಗೆ ಜೋಡಿಸುವುದು. ತರಗತಿಗೂ ಇವು ಸಾಕು.

ಮೊದಲ ಕೆಲವು ನಿಮಿಷಗಳು

ಎಲ್ಲರ ಮುಂದೆ "ಏನಾಯಿತು? ಯಾಕೆ ಅಳುತ್ತೀ?" ಎಂದು ವಿಚಾರಿಸಬೇಡಿ. ಇತರ ಮಕ್ಕಳಿಗೆ ಒಂದು ಬರವಣಿಗೆ ಕೊಟ್ಟು, ಮಗುವಿನ ಹತ್ತಿರ ಹೋಗಿ ಅದರ ಎತ್ತರಕ್ಕೆ ಬಗ್ಗಿ ಮೆಲ್ಲನೆ ಮಾತನಾಡಿಸಿ. ಹೊರಗೆ ಹೋಗುವುದಾದರೆ ಒಬ್ಬಂಟಿಯಾಗಿ ಕಳುಹಿಸಬೇಡಿ. ಪಕ್ಕದ ತರಗತಿಯ ಶಿಕ್ಷಕರನ್ನು ಕರೆಯಿರಿ. ಮಾತನಾಡುವ ಜಾಗ ಇತರರ ಕಣ್ಣಿಗೆ ಕಾಣುವಂತಿರಲಿ, ಮಾತು ಮಾತ್ರ ಕೇಳದಂತಿರಲಿ. ಬಾಗಿಲು ಮುಚ್ಚಬೇಡಿ.

ಭಯದಿಂದ ಉಸಿರು ಜೋರಾದರೆ ಪಾದಗಳನ್ನು ನೆಲಕ್ಕೆ ಊರಿ ಕೂರಿಸಿ, ನಿಮ್ಮೊಡನೆ ನಿಧಾನವಾಗಿ ಉಸಿರು ಬಿಡಲು ಹೇಳಿ. ಇಂಥ ಭಯ ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತೀವ್ರವಾಗಿ, ಬಳಿಕ ಇಳಿಯುತ್ತದೆ. ಆದರೆ ಅಸ್ತಮಾ ಇರುವ ಮಗುವಾದರೆ, ಎದೆನೋವು ಇದ್ದರೆ, ಪ್ರಜ್ಞೆ ತಪ್ಪಿದರೆ ಅದನ್ನು ಬರೀ ಭಯವೆಂದುಕೊಳ್ಳದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೇಳುವ ಬಗೆ

1841ರ ಡಿಸೆಂಬರ್ 8ರಂದು ಇಟಲಿಯ ತುರಿನ್ ನಗರದಲ್ಲಿ, ಪೂಜೆಗೆ ಸಹಾಯ ಮಾಡಲು ಬಾರದ ಬಡ ಹುಡುಗನೊಬ್ಬನನ್ನು ಚರ್ಚಿನ ಸಾಕ್ರಿಸ್ತಿಯಿಂದ ಹೊಡೆದು ಅಟ್ಟಲಾಯಿತು. ಸಂತ ಜಾನ್ ಬೋಸ್ಕೊ ಅವನನ್ನು ಮರಳಿ ಕರೆಸಿದರು. ಮೊದಲು ಅವನ ಹೆಸರು, ಊರು, ತಂದೆತಾಯಿಯರ ಬಗ್ಗೆ ವಿಚಾರಿಸಿದರು. ಧರ್ಮೋಪದೇಶ ಆಮೇಲೆ ಬಂತು. ನೊಂದ ಮಗುವಿನ ವಿಷಯದಲ್ಲೂ ಇದೇ ಕ್ರಮ ಇರಲಿ. "ಇಷ್ಟಕ್ಕೆಲ್ಲ ಅಳುವುದಾ?", "ಪ್ರಾರ್ಥನೆ ಮಾಡು, ಸರಿಹೋಗುತ್ತದೆ" ಎಂದರೆ ಮಗು ಬಾಯಿ ಮುಚ್ಚುತ್ತದೆ. ಪ್ರಾರ್ಥನೆ ಬೇಕು, ಆದರೆ ಅದು ಕೇಳಿಸಿಕೊಳ್ಳದಿರಲು ನೆಪವಾಗಬಾರದು.

ಶಾಲೆಯ ಮಾಧ್ಯಮ ಇಂಗ್ಲಿಷ್ ಆಗಿದ್ದರೂ ದುಃಖ ಹೊರಬರುವುದು ಮನೆಮಾತಿನಲ್ಲಿ. ಕೊಂಕಣಿಯೋ ತುಳುವೋ ಬ್ಯಾರಿಯೋ, ಅದರಲ್ಲೇ ಹೇಳಲು ಬಿಡಿ. ತಂದೆ ಗಲ್ಫಿನಲ್ಲಿ, ಮನೆಯಲ್ಲಿ ಸಾಲ, ಸಹಪಾಠಿಗಳ ಗೇಲಿ, ಅಂಕಗಳ ಹೆದರಿಕೆ ಹೀಗೆ ಕಾರಣ ಏನೂ ಇರಬಹುದು. ಊಹಿಸಬೇಡಿ, ಕಾಯಿರಿ. ಶಿಕ್ಷಕರ ಬೈಗುಳವೇ ಕಾರಣವೂ ಆಗಿರಬಹುದು. ಶಿಕ್ಷಣ ಹಕ್ಕು ಕಾಯಿದೆ, 2009ರ 17ನೇ ಸೆಕ್ಷನ್ ಹೊಡೆತವನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ.

"ಯಾರಿಗೂ ಹೇಳಬೇಡಿ" ಎಂದಾಗ

ಇಲ್ಲಿಯೇ ಒಳ್ಳೆಯ ಶಿಕ್ಷಕರೂ ಎಡವುವುದು. ಮಗುವಿನ ಮೇಲಿನ ಪ್ರೀತಿಯಿಂದ "ಆಯಿತು, ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಟ್ಟುಬಿಡುತ್ತಾರೆ. ಪಾಪನಿವೇದನೆಯ ಗುಟ್ಟು ಆ ಸಂಸ್ಕಾರಕ್ಕೆ ಸೇರಿದ್ದು. ಅದನ್ನು ತರಗತಿಗೆ ತರಲಾಗದು. "ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ" ಎನ್ನುವುದು ಪ್ರಾಮಾಣಿಕ ಮಾತು.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಪೋಕ್ಸೊ ಕಾಯಿದೆ, 2012ರ 19ನೇ ಸೆಕ್ಷನ್ ಪ್ರಕಾರ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಆರೋಪಿ ಮನೆಯವನಾಗಲಿ, ಶಿಕ್ಷಕನಾಗಲಿ, ಗುರುವಾಗಲಿ ಕಾನೂನು ಒಂದೇ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ 'ವೊಸ್ ಎಸ್ತಿಸ್ ಲುಕ್ಸ್ ಮುಂದಿ' ಶಾಸನವು ಗುರುಗಳಿಗೂ ಧಾರ್ಮಿಕರಿಗೂ ಧರ್ಮಸಭೆಯ ಅಧಿಕಾರಿಗಳಿಗೆ ವರದಿ ಮಾಡುವ ಹೊಣೆ ಹೊರಿಸಿದೆ. ಅದು ನಾಡಿನ ಕಾನೂನಿಗೆ ಬದಲಿಯಲ್ಲ. ಸಂಸ್ಥೆಯ ಹೆಸರು ಉಳಿಸುವುದಕ್ಕಿಂತ ಮಗುವನ್ನು ಉಳಿಸುವುದು ದೊಡ್ಡದು.

ಸಾವಿನ ಮಾತು ಬಂದರೆ

"ನಾನು ಬದುಕಬಾರದು" ಎಂಬ ಮಾತನ್ನು ನಾಟಕವೆಂದು ತಳ್ಳಿಹಾಕಬೇಡಿ. "ಸಾಯುವ ಯೋಚನೆ ಬರುತ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಅದು ಪಾಪವೆಂದು ಹೆದರಿಸಬೇಡಿ. ತೀವ್ರ ಮನೋವೇದನೆಯು ವ್ಯಕ್ತಿಯ ಹೊಣೆಯನ್ನು ಕುಗ್ಗಿಸಬಹುದೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ (2282) ಹೇಳುತ್ತದೆ. ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡದೆ, ಅಂದೇ ಮುಖ್ಯೋಪಾಧ್ಯಾಯರಿಗೂ ಹೆತ್ತವರಿಗೂ ತಿಳಿಸಿ ವೈದ್ಯರ ಬಳಿಗೆ ತಲುಪಿಸಿ. ಮನೆಯೇ ನೋವಿನ ಮೂಲವಾಗಿದ್ದರೆ ಮಕ್ಕಳ ಸಹಾಯವಾಣಿಗೆ ಕರೆ ಮಾಡಿ.

ಈ ಸಂಖ್ಯೆಗಳು ಸ್ಟಾಫ್ ರೂಮಿನ ಗೋಡೆಯಲ್ಲಿರಲಿ:
ಟೆಲಿ-ಮಾನಸ್ (2022ರಿಂದ, ಕನ್ನಡದಲ್ಲೂ ಲಭ್ಯ): 14416
ಮಕ್ಕಳ ಸಹಾಯವಾಣಿ: 1098
ತುರ್ತು ಸೇವೆ: 112

ಮರುದಿನ

ಮಗು ಮರಳಿ ಬಂದಾಗ ಎಂದಿನಂತೆ ಮಾತನಾಡಿಸಿ, ಒಂದೆರಡು ವಾರ ಗಮನಿಸುತ್ತಿರಿ. ತಪ್ಪಿಹೋದ ಪಾಠಕ್ಕೆ ಸಮಯ ಕೊಡಿ. ನಮ್ಮ ಊರುಗಳು ಸಣ್ಣವು, ಮಾತು ಬೇಗ ಹರಡುತ್ತದೆ. ಆದ್ದರಿಂದ ಮಗುವಿನ ಕಥೆ ಸ್ಟಾಫ್ ರೂಮಿಗೂ ವಾಳೆಯ ಕೂಟಕ್ಕೂ ಹೋಗಬಾರದು. ಪ್ರಾರ್ಥನಾ ಕೂಟದಲ್ಲಿ ಹೆಸರೆತ್ತಿ ಪ್ರಾರ್ಥಿಸುವುದೂ ಬೇಡ. ದೇವರಿಗೆ ಹೆಸರು ಗೊತ್ತಿದೆ.

ಹೊಸ ಶೈಕ್ಷಣಿಕ ವರ್ಷದ ಮೊದಲ ಶಿಕ್ಷಕರ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಮೀಸಲಿಡಿ. ಯಾರು ಮಗುವಿನ ಜೊತೆ ಇರುವುದು, ಯಾರು ತರಗತಿ ನೋಡಿಕೊಳ್ಳುವುದು, ಯಾರು ಫೋನ್ ಮಾಡುವುದು ಎಂದು ಮೊದಲೇ ನಿರ್ಧರಿಸಿ. ನಮ್ಮ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಹೆತ್ತವರು, ಅವರು ಯಾವ ಧರ್ಮದವರೇ ಆಗಿರಲಿ, ನಮ್ಮಲ್ಲಿ ಇಟ್ಟಿರುವ ನಂಬಿಕೆಗೆ ನಾವು ಇಷ್ಟಾದರೂ ಮಾಡೋಣ.