ಅಳಿವೆ ಬಾಗಿಲಿಂದ ಬಂದರಿಂಗೆ

ಎಂಗಳ ಊರಿಲಿ "ಬಂದರಿಂಗೆ ಹೋಯೆಕ್ಕು" ಹೇಳಿರೆ ಸಮುದ್ರ ನೋಡ್ಲೆ ಹೋಪದು ಹೇಳಿ ಅರ್ಥ ಅಲ್ಲ, ಅಡಕ್ಕೆ ಮಾರ್ಲೆ ಹೋಪದು ಹೇಳಿ ಅರ್ಥ. ಮಂಗ್ಳೂರು ಬಂದರಿಲಿ ಅಡಕ್ಕೆ ಮಂಡಿಗೊ ಸಾಲಾಗಿ ಇದ್ದಲ್ಲದಾ? ಅಜ್ಜ ವರ್ಷಕ್ಕೆ ಒಂದೋ ಎರಡೋ ಸರ್ತಿ ಅಲ್ಲಿಗೆ ಹೋಗಿ ಬಪ್ಪಗ ಬೆಲ್ಲ, ನೀರುಳ್ಳಿ, ಕರ್ಜೂರ ತಕ್ಕು. ಮಂಡಿಯ ಹಿಂದೆ ಇಪ್ಪ ಹೊಳೆಯ ಶುದ್ದಿಯ ಅವು ಮಾತಾಡಿದ್ದು ಕಮ್ಮಿ. ಆದರೆ ಅವರ ಅಡಕ್ಕೆಯ ಕ್ರಯ ಅರ್ಧವೂ ಆ ಹೊಳೆಯ ಕೈಲೇ ಇತ್ತು ಹೇಳಿ ಎನ್ನ ಅಭಿಪ್ರಾಯ.

ಅದು ಹೇಂಗೆ ಹೇಳಿ ತಿಳಿಯೆಕ್ಕಾರೆ ಆ ನೀರಿಲಿ ಒಂದರಿ ಹೋಯೆಕ್ಕು. ಕಳುದ ಮಕರ ತಿಂಗಳಿಲಿ ತಂಗೆಯ ಮನೆಗೆ ಹೋಗಿಪ್ಪಗ ಎಂಗೊ ಏಳು ಜೆನ ಒಂದು ಮೋಟರು ಬೋಟು ಮಾತಾಡಿ, ನೇತ್ರಾವತಿಂದ ಹೆರಟು ಅಳಿವೆ ಬಾಗಿಲಿನ ಹತ್ತರಂಗೆ, ಅಲ್ಲಿಂದ ಬಡಗಕ್ಕೆ ತಿರುಗಿ ಹಳೆ ಬಂದರಿಂಗೆ ಹೋದೆಯೊ. ಬೋಟಿನ ಜೆನ ಮದಲು ಎಂಟು ಗಂಟೆಗೆ ಬನ್ನಿ ಹೇಳಿದ್ದ, ಮತ್ತೆ ಪೋನು ಮಾಡಿ ಒಂಬತ್ತೂವರೆ ಆಯೆಕ್ಕು ಹೇಳಿದ. ನೀರು ಏರದ್ದೆ ಹೆರಟರೆ ಬೋಟು ಹೊಯಿಗೆಲಿ ಕೂರ್ತಡ. ಸಮುದ್ರದ ನೀರು ದಿನಕ್ಕೆ ಎರಡು ಸರ್ತಿ ಏರ್ತು, ಎರಡು ಸರ್ತಿ ಇಳಿತ್ತು. ಮರುದಿನಕ್ಕೆ ಸುಮಾರು 50 ನಿಮಿಷ ತಡವು. ಅಮಾಸೆ ಹುಣ್ಣಮೆಗೆ ಏರುದೂ ಹೆಚ್ಚು, ಇಳಿವದೂ ಹೆಚ್ಚು. ಪಂಚಾಂಗ ನೋಡಿ ಏಕಾದಶಿ ಮಾಡುವ ಹೆಮ್ಮಕ್ಕೊಗೆ ಇದರ ಬಿಡುಸಿ ಹೇಳೆಕ್ಕು ಹೇಳಿ ಇಲ್ಲೆ. ಏರುವ ಉಪ್ಪುನೀರು ಹೊಳೆಲಿ ಮೇಲಂಗೂ ಹತ್ತುತ್ತು. ಕಣ್ಣಿಂಗೆ ಕಾಂಬಷ್ಟು ದೂರ ನೀರಿದ್ದರೂ ಪೇಟೆಗೆ ಕುಡಿವಲೆ ತುಂಬೆಂದ ಬರೆಕ್ಕು.

ಆ ಜಾಗೆಯ ಅಂದಾಜು ಹೇಳ್ತೆ. ನೇತ್ರಾವತಿ ಮೂಡಂದ ಬತ್ತು. ಗುರುಪುರ ಹೊಳೆ ಬಡಗಂದ ಬಂದು, ಸಮುದ್ರದ ಬರಿಲೇ ತೆಂಕಕ್ಕೆ ಹರುದು, ನೇತ್ರಾವತಿಯ ಸೇರಿ, ಎರಡೂ ಒಂದೇ ಬಾಗಿಲಿಲಿ ಕಡಲಿಂಗೆ ಬೀಳ್ತವು. ಗುರುಪುರ ಹೊಳೆಗೂ ಕಡಲಿಂಗೂ ನೆಡುಕೆ ಬೆಂಗ್ರೆ ಹೇಳುವ ಹೊಯಿಗೆಯ ಉದ್ದ ಪಟ್ಟಿ ಇದ್ದು. ಅದೇ ಬಂದರಿನ ಪಾಗಾರ. ಒಳ ನೀರು ಕೆರೆಯ ಹಾಂಗೆ ಸುಮ್ಮನೆ ಇರ್ತು, ಹೆರ ಅಲೆಯ ಶಬ್ದ ಕೇಳ್ತು. ಬೋಟು ಕಟ್ಟುಲೆ ಇದರಿಂದ ಒಳ್ಳೆ ಜಾಗೆ ಬೇಕಾ? ಬೇಡ. ಆದರೆ ಬಾಗಿಲೇ ತೊಂದರೆ. ಎರಡು ಹೊಳೆಗಳೂ ತಂದು ಹಾಕಿದ ಹೊಯಿಗೆ ಅಲ್ಲಿ ದಿಣ್ಣೆ ಕಟ್ಟುತ್ತು, ದಿಣ್ಣೆಯ ಮೇಲೆ ಅಲೆ ಒಡೆತ್ತು. ಅಷ್ಟೊತ್ತು ವಾಚಾಳಿಯಾಗಿದ್ದ ಬೋಟಿನ ಜೆನ ಬಾಗಿಲು ಕಾಂಬಲೆ ಸುರುವಾದ ಕೂಡ್ಲೆ ಬಾಯಿ ಮುಚ್ಚಿ ನೀರಿನ ಬಣ್ಣವನ್ನೇ ನೋಡಿಗೊಂಡು ಇತ್ತಿದ್ದ. ಮಾಸಲು ಬಣ್ಣ ಇದ್ದಲ್ಲಿ ಆಳ ಕಮ್ಮಿ ಅಡ.

ದೊಡ್ಡ ಕಪ್ಪಲು ಆ ದಿಣ್ಣೆ ದಾಂಟ. ಹಾಂಗಾಗಿ ಅಜ್ಜನ ಕಾಲಲ್ಲಿ ಕಪ್ಪಲುಗೊ ಹೆರ ಕಡಲಿಲಿ ಲಂಗರು ಹಾಕಿ ನಿಂಗು. ಒಳಂದ ಮಂಜಿಗಳಲ್ಲಿ ಅಡಕ್ಕೆ, ಕಾಫಿ, ಹಂಚು ಹೇರಿಗೊಂಡು, ನೀರಿನ ಹೊತ್ತು ನೋಡಿ ಬಾಗಿಲು ದಾಂಟಿ, ಕಪ್ಪಲಿಂಗೆ ಹತ್ತುಸಿಕ್ಕಿ ಬಪ್ಪದು. ಹಾಯಿ ಕಟ್ಟಿದ ಪತ್ತೆಮಾರಿಗೊ ಒಳವೇ ಬಂದು ಕಟ್ಟಿ, ಬೊಂಬಾಯಿ, ಗುಜರಾತಿನ ಹೊಡೆಂಗೆ ಹೋಕು. ಮಳೆಗಾಲ ಬಂತು ಹೇಳಿ ಆದರೆ ಎಲ್ಲವೂ ಬಂದ್.

ಈಗ ಅಡಕ್ಕೆಯ ಲೆಕ್ಕ ನೋಡಿ. ಕೊನೆ ತೆಗದು, ಜಾಲಿಲಿ ಒಣಗುಸಿ, ಸೊಲುದು ಅಪ್ಪಗ ವೈಶಾಖ. ವ್ಯಾಪಾರಿಗೆ ಗೊಂತಿದ್ದು: ಇನ್ನು ರಜ ದಿನಲ್ಲಿ ಬಂದರು ಮುಚ್ಚುತ್ತು, ಈ ಭಟ್ರು ಗೋಣಿಯ ಒಪಾಸು ಹೊತ್ತೊಂಡು ಹೋಗವು. ಮಳೆಗಾಲಕ್ಕೆ ಅಕ್ಕಿ ತೆಗವಲೆ ಮದಲೇ ತೆಕ್ಕೊಂಡ ಸಾಲವೂ ಅದೇ ಮಂಡಿದು. "ಕ್ರಯ ಹೇಳುವೋನೂ ಅವನೇ, ತೂಗುವೋನೂ ಅವನೇ" ಹೇಳಿ ಅಜ್ಜ ಹೇಳುಗು. ಸಮುದ್ರವನ್ನೇ ಕಾಣದ್ದ ಅಜ್ಜಿಯ ಡಬ್ಬಿಲಿ ಎಷ್ಟು ಅಕ್ಕಿ ಇರೆಕ್ಕು ಹೇಳುದರ ಆ ಹೊಯಿಗೆ ದಿಣ್ಣೆ ನಿಶ್ಚಯ ಮಾಡಿಗೊಂಡಿತ್ತು.

ಅಡಕ್ಕೆಯ ಈ ದಾರಿ ಅಜ್ಜನ ಕಾಲದ್ದು ಮಾಂತ್ರ ಅಲ್ಲ. ಅಬ್ರಹಾಂ ಬೆನ್ ಯಿಜು ಹೇಳುವ ಟುನೀಸಿಯಾದ ಯೆಹೂದಿ ವ್ಯಾಪಾರಿ 1132ರ ಹೊತ್ತಿಂಗೆ ಮಂಗ್ಳೂರಿಂಗೆ ಬಂದು ಸುಮಾರು 17 ವರ್ಷ ಇಲ್ಲಿತ್ತಿದ್ದ. ಅವಂಗೆ ಬಂದ ಕಾಗದಂಗೊ ಕೈರೋದ ಹಳೆ ಯೆಹೂದಿ ಪ್ರಾರ್ಥನಾಮಂದಿರಲ್ಲಿ ಸಿಕ್ಕಿದವು. ಅಮಿತಾವ್ ಘೋಷ್ 1992ರಲ್ಲಿ ಅದರ ಮೇಲೆ ಒಂದು ಪುಸ್ತಕವೇ ಬರದವು. ಇಲ್ಲಿಂದ ಏಡನ್ನಿಂಗೆ ಒಳ್ಳೆಮೆಣಸು, ಕಬ್ಬಿಣ, ಅಡಕ್ಕೆ ಹೋಕು. ಅಲ್ಲಿಂದ ಅವನ ಮನೆಗೆ ಸಕ್ಕರೆ, ಒಣದ್ರಾಕ್ಷೆ, ಬರವಲೆ ಕಾಗದ ಬಕ್ಕು. ಎನ್ನ ಮನಸ್ಸಿಲಿ ಉಳುದ್ದು ವ್ಯಾಪಾರ ಅಲ್ಲ, ಆಶು ಹೇಳುವ ಕೂಸು. ಊಳಿಗದ ಕೂಸಾಗಿದ್ದ ಅದರ 1132ರ ಅಕ್ಟೋಬರಿಲಿ ಮಂಗ್ಳೂರಿಲೇ ಪತ್ರ ಬರದು ಬಿಡುಗಡೆ ಮಾಡಿದ. ಅದೇ ಅವನ ಹೆಂಡತಿ ಆತು, ಮಕ್ಕೊ ಆದವು ಹೇಳಿ ಘೋಷ್ ಹೇಳ್ತವು. 1149ರಲ್ಲಿ ಅವ ಮಕ್ಕಳ ಕರಕ್ಕೊಂಡು ಏಡನ್ನಿಂಗೆ ಹೋದ. ಆಶು ಒಟ್ಟಿಂಗೆ ಹೋದ ಸಂಗತಿ ಆ ಕಾಗದಂಗಳಲ್ಲಿ ಕಾಣ್ತಿಲ್ಲೆ. ದ್ರಾಕ್ಷೆಯ ಲೆಕ್ಕ ಇದ್ದು, ಅಬ್ಬೆಯ ಲೆಕ್ಕ ಇಲ್ಲೆ. ಬೋಟು ಎರಡು ಹೊಳೆ ಸೇರುವಲ್ಲಿ ತಿರುಗುವಗ ಎನಗೆ ಅದರದ್ದೇ ನೆಂಪು.

ಸುಮಾರು 200 ವರ್ಷ ಕಳುದು, 1342ರ ಹೊತ್ತಿಂಗೆ ಇಬ್ನ್ ಬತೂತ ಬಂದು ಇದೇ ಅಳಿವೆಯ ದೊಡ್ಡದು ಹೇಳಿ ಬರದ. ಪರ್ಶಿಯಾ, ಯೆಮೆನಿನ ವ್ಯಾಪಾರಿಗೊ ಇಲ್ಲಿ ಇಳಿತ್ತವು ಹೇಳಿಯೂ ಬರದ. ಪೋರ್ಚುಗೀಸರು ಬಂದವು, ತೆಂಕ ಕರೆಲಿ ಉಳ್ಳಾಲದ ಅಬ್ಬಕ್ಕ ಅವರ ಎದುರು ನಿಂದತ್ತು. ಅದು ಎಲ್ಲೋರಿಂಗೂ ಗೊಂತಿಪ್ಪ ಶುದ್ದಿ. ಬಂದರಿಂದ ರಜ ಬಡಗಕ್ಕೆ ಟಿಪ್ಪು 1784ರಲ್ಲಿ ಕಪ್ಪುಕಲ್ಲಿನ ಬತ್ತೇರಿ ಕಟ್ಟುಸಿದ, ಯುದ್ಧದ ಹಡಗುಗೊ ಹೊಳೆಗೆ ನುಗ್ಗುಲಾಗ ಹೇಳಿ. ಹಂಚಿನ ಕಾರ್ಖಾನೆ 1865ರಲ್ಲಿ ಜೆಪ್ಪುವಿಲಿ ಸುರುವಾತು, ಬಾಸೆಲ್ ಮಿಶನಿನೋರದ್ದು. ನೇತ್ರಾವತಿಯ ಕರೆಲೇ, ಎಂತಕೆ ಹೇಳಿರೆ ಮಣ್ಣು ಬಪ್ಪದೂ ದೋಣಿಲಿ, ಹಂಚು ಹೋಪದೂ ದೋಣಿಲಿ.

ಮತ್ತೆ ನೆಲದ ದಾರಿ ಬೆಳದತ್ತು. ರೈಲು 1907ರಲ್ಲಿ ಮಂಗ್ಳೂರಿಂಗೆ ಬಂತು. ಕ್ರಯ ಬಿದ್ದು ಕೃಷಿಕರು ಕಂಗಾಲಾದ ಮೇಲೆ 1973ರಲ್ಲಿ ಕ್ಯಾಂಪ್ಕೊ ಆತು. ಪಣಂಬೂರಿಲಿ ನೆಲವ ಅಗದು ಮಾಡಿದ ಹೊಸ ಬಂದರಿನ 1975ರ ಜನವರಿಲಿ ಇಂದಿರಾ ಗಾಂಧಿ ಉದ್ಘಾಟನೆ ಮಾಡಿದವು. ದೊಡ್ಡ ಕಪ್ಪಲುಗೊ ಅಲ್ಲಿಗೇ ಹೋದವು. ಅಡಕ್ಕೆ ಲಾರಿ ಹತ್ತಿತ್ತು. ಲಾರಿಗೆ ಉಬ್ಬರ ಇಳಿತ ಇಲ್ಲೆನ್ನೆ. ಅಪ್ಪನ ಕಾಲಲ್ಲಿ ಆಟಿಲಿಯೂ ಅಡಕ್ಕೆ ಮಾರ್ಲೆ ಎಡಿಗಾತು.

ಹಾಂಗೆ ಹೇಳಿ ಹಳೆ ಬಂದರು ಸತ್ತತ್ತು ಹೇಳಿ ಗ್ರೇಶೆಡಿ. ಒಂದು ಹೊಡೆಲಿ ಮೀನಿನ ದಕ್ಕೆ. ಜೂನು, ಜುಲಾಯಿ ಎರಡು ತಿಂಗಳು ಮೀನುಗಾರಿಕೆ ನಿಂಬಗ ಬೋಟುಗೊ ಒಂದಕ್ಕೊಂದು ತಾಗಿಗೊಂಡು ಹೊಳೆ ತುಂಬ ನಿಲ್ತವು. ಇನ್ನೊಂದು ಹೊಡೆಲಿ ಲಕ್ಷದ್ವೀಪಕ್ಕೆ ಹೋಪ ಮಂಜಿಗೊ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ — ಈ ದ್ವೀಪಂಗೊ 1956ರವರೆಗೆ ಎಂಗಳ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತಿದ್ದವು. ಅಲ್ಲಿ ಬತ್ತದ ಗೆದ್ದೆ ಇಲ್ಲೆ. ಹೆಮ್ಮಕ್ಕೊ ತೆಂಗಿನ ನಾರು ಹೊಸದು ಹುರಿ ಮಾಡುಗು, ಗೆಂಡುಮಕ್ಕೊ ಅದರ ಓಡಂಗಳಲ್ಲಿ ಮಂಗ್ಳೂರಿಂಗೆ ತಂದು ಸರ್ಕಾರಕ್ಕೆ ಕೊಟ್ಟು ಅಕ್ಕಿ ತೆಕ್ಕೊಂಡು ಹೋಕು. ಬೇರೆಯೋರಿಂಗೆ ಮಾರ್ಲಾಗ, ಎಷ್ಟು ಹುರಿಗೆ ಎಷ್ಟು ಅಕ್ಕಿ ಹೇಳುದು ಸರ್ಕಾರದ್ದೇ ಲೆಕ್ಕ. ಅಜ್ಜನ ಮಾತು ಅವಕ್ಕೂ ಅರ್ಥ ಆವುತಿತು.

ಬಂದರಿಲಿ ಬೋಟು ಕಟ್ಟುವಗ ಜೆನ ಹಗ್ಗವ ಬಿಗುದು ಕಟ್ಟಿದ್ದಯಿಲ್ಲೆ, ಸಡಿಲ ಬಿಟ್ಟ. ಬಿಗುದರೆ ನೀರು ಇಳುದಪ್ಪಗ ಬೋಟು ದಕ್ಕೆಗೆ ನೇತುಗೊಂಡು ಮಾಲುತ್ತಡ. ಹತ್ತರೆ ಒಂದು ಮಂಜಿಗೆ ನೀರುಳ್ಳಿ, ಬಟಾಟೆ, ಅಕ್ಕಿ, ಸಿಮೆಂಟು ಹೇರಿಗೊಂಡಿತ್ತಿದ್ದವು. ಮೇಗಂದ ಮೇಗೆ ಗೋಣಿ, ಅದರ ಮೇಗೆ ಒಂದು ಹೊಸ ಪ್ಲಾಸ್ಟಿಕ್ ಕುರ್ಚಿ. ಏವಗ ಹೆರಡುದು ಹೇಳಿ ತಂಗೆ ಕೇಳಿತ್ತು. ಗೋಣಿ ಹೊತ್ತೊಂಡಿದ್ದ ಮಾಣಿ ಮೋರೆ ತಿರುಗುಸದ್ದೆ, ಇರುಳು ನೀರು ಏರಿದ ಮೇಲೆ ಹೇಳಿದ.